ಐದು ಕೆಜಿಯೊಳಗೊಂದು ಟ್ರೈಪಾಡ್

ನನ್ನ ಲ್ಯಾಪ್‌ಟಾಪಿನಲ್ಲಿ 'ಬ್ಯಾಗ್' ಅಂತ ಹೆಸರಿಟ್ಟ ಒಂದು ಎಕ್ಸೆಲ್ ಶೀಟ್ ಇದೆ. ಅದರಲ್ಲಿರೋದು ಗ್ರಾಂ ಲೆಕ್ಕ. ಕ್ಯಾಮೆರಾ ಬ್ಯಾಟರಿ ಸಮೇತ 500. ಎರಡು ಲೆನ್ಸ್ ಸೇರಿ 800. ಖಾಲಿ ಬ್ಯಾಗೇ 1,100. ಒಂದು ಲೀಟರ್ ನೀರು ಅಂದ್ರೆ 1,000. ರೇನ್‌ಕೋಟು, ಟಾರ್ಚು, ಅಮ್ಮ ಕಟ್ಟಿಕೊಡೋ ಚಕ್ಕುಲಿ ಎಲ್ಲ ಸೇರಿ 500. ಒಟ್ಟು 3,900 ಗ್ರಾಂ. ಕೊನೇ ಸಾಲಿನಲ್ಲಿ ಕೆಂಪು ಬಣ್ಣದಲ್ಲಿ 5,000 ಅಂತಿದೆ. ಅದು ನನ್ನ ಫಿಸಿಯೋಥೆರಪಿಸ್ಟ್ ಹಾಕಿಕೊಟ್ಟ ಮಿತಿ. ಅಂದರೆ ಟ್ರೈಪಾಡಿಗೆ ಉಳಿದದ್ದು 1,100 ಗ್ರಾಂ. ಅದಕ್ಕೆ ಮನೆಯಲ್ಲಿ ಮಂಜೂರಾದ ಬಜೆಟ್ಟು 15 ಸಾವಿರ ರೂಪಾಯಿ.

ಎರಡು ಸಂಖ್ಯೆಗಳ ನಡುವೆ ಒಂದು ವಸ್ತು ಹುಡುಕೋದು ನಮ್ಮಂಥ ಇಂಜಿನಿಯರುಗಳಿಗೆ ಖುಷಿ ಕೊಡೋ ಕೆಲಸ. ಆದರೆ ಈ ಸಲ ಹುಡುಕೋಕೆ ಕೂತಾಗ ಖುಷಿಗಿಂತ ಹೆದರಿಕೆ ಜಾಸ್ತಿ ಇತ್ತು.

ಹೋದ ವರ್ಷ ನನ್ನ ಎಂಆರ್‌ಐ ರಿಪೋರ್ಟಿನಲ್ಲಿ 'ಎಲ್4-ಎಲ್5 ಡಿಸ್ಕ್ ಬಲ್ಜ್' ಅಂತ ಬಂತು. ಕೂತು ಮಾಡೋ ಕೆಲಸದವರಿಗೆ ಇದೇನು ಹೊಸದಲ್ಲ ಬಿಡಿ. ನಮ್ಮ ಟೀಮಿನಲ್ಲೇ ನಾಲ್ಕು ಜನ ಸೊಂಟದ ಬೆಲ್ಟ್ ಕಟ್ಟಿಕೊಂಡು ಸ್ಟ್ಯಾಂಡ್‌ಅಪ್ ಮೀಟಿಂಗ್‌ಗೆ ನಿಲ್ತಾರೆ. ಡಾಕ್ಟರು ಆಪರೇಷನ್ ಬೇಡ, ವ್ಯಾಯಾಮ ಸಾಕು ಅಂದ್ರು. ಫಿಸಿಯೋಥೆರಪಿಸ್ಟ್ ಇನ್ನಷ್ಟು ವಿವರವಾಗಿ ಹೇಳಿದ್ರು: ನಡೀರಿ, ಬೆಟ್ಟವನ್ನೂ ನಿಧಾನಕ್ಕೆ ಹತ್ತಿ, ಆದ್ರೆ ಸದ್ಯಕ್ಕೆ ಬೆನ್ನ ಮೇಲೆ 5 ಕೆಜಿ ದಾಟಬೇಡಿ. ಒಂದೇ ಹೆಗಲಿಗೆ ನೇತುಹಾಕಬೇಡಿ. ಬಗ್ಗಿ ತಿರುಗೋದಂತೂ ಬೇಡವೇ ಬೇಡ. ನನಗೆ ಆಗ ಮೂವತ್ತು ತುಂಬಿ ಎರಡು ತಿಂಗಳಾಗಿತ್ತು. ವಾರಾಂತ್ಯಕ್ಕೆ ಕ್ಯಾಮೆರಾ ಹೊತ್ತು ಊರ ಕಡೆ ಹೋಗೋದೊಂದೇ ನನಗಿದ್ದ ಹವ್ಯಾಸ. ಅದಕ್ಕೂ ಒಂದು ತೂಕದ ಮಿತಿ ಬಂತಲ್ಲ ಅಂತ ಅವತ್ತು ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಬೈಕ್ ಸ್ಟಾರ್ಟ್ ಮಾಡದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಈಗಿನ ಕ್ಯಾಮೆರಾಗಳಿಗೆ ಟ್ರೈಪಾಡ್ ಯಾಕೆ ಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕ್ಯಾಮೆರಾ ದೇಹದೊಳಗೇ ನಡುಕ ತಡೆಯೋ ವ್ಯವಸ್ಥೆ ಬಂದ ಮೇಲೆ ಕೈಯಲ್ಲೇ ಹಿಡಿದು ಅರ್ಧ ಸೆಕೆಂಡಿನ ಫೋಟೋ ತೆಗೆಯೋರಿದ್ದಾರೆ. ಮದುವೆ, ಮಕ್ಕಳು, ರಸ್ತೆ, ಊಟದ ತಟ್ಟೆ ಇವಿಷ್ಟೇ ನಿಮ್ಮ ವಿಷಯವಾದ್ರೆ ಈ ಲೇಖನವನ್ನ ಇಲ್ಲಿಗೇ ಬಿಟ್ಟು 15 ಸಾವಿರ ಉಳಿಸಿಕೊಳ್ಳಿ. ನನ್ನ ಹುಚ್ಚು ಎರಡು. ಒಂದು, ಮಳೆಗಾಲದ ಜಲಪಾತ. ನೀರು ಹಾಲಿನ ಹಾಗೆ ಇಳಿಯಬೇಕು ಅಂದ್ರೆ ಒಂದೆರಡು ಸೆಕೆಂಡು ಶಟರ್ ತೆರೆದಿರಬೇಕು. ಇನ್ನೊಂದು, ನಕ್ಷತ್ರ. ಮಾರ್ಚ್ ತಿಂಗಳ ಅಮಾವಾಸ್ಯೆ ಆಸುಪಾಸಿನಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ನಮ್ಮೂರಿನ ಗದ್ದೆ ಬಯಲಿಗೆ ಹೋದರೆ ಆಗ್ನೇಯದಲ್ಲಿ ಆಕಾಶಗಂಗೆ ಎದ್ದು ನಿಂತಿರುತ್ತೆ. ಅದಕ್ಕೆ ಒಂದು ಹಳೇ ಸೂತ್ರ ಇದೆ: 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ, ಅಷ್ಟು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ಭೂಮಿ ತಿರುಗೋದರಿಂದ ನಕ್ಷತ್ರ ಚುಕ್ಕಿಯಾಗಿ ಉಳಿಯದೆ ಗೆರೆಯಾಗುತ್ತೆ. ನನ್ನ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 16 ಮಿ.ಮೀ. ಲೆನ್ಸು 24ಕ್ಕೆ ಸಮ. ಭಾಗಿಸಿದ್ರೆ ಸುಮಾರು 20 ಸೆಕೆಂಡು. ಇಪ್ಪತ್ತು ಸೆಕೆಂಡು ಉಸಿರು ಬಿಗಿಹಿಡೀಬಹುದು, ಆದ್ರೆ ಕೈ ಅಲ್ಲಾಡದಂತೆ ನಿಲ್ಲೋದು ಯಾವ ಯೋಗಿಗೂ ಸಾಧ್ಯವಿಲ್ಲ.

ನನ್ನ ಹತ್ರ ಮೊದಲೇ ಒಂದು ಟ್ರೈಪಾಡ್ ಇತ್ತು. ಮೊದಲ ಕೆಲಸದ ಮೊದಲ ಸಂಬಳದಲ್ಲಿ ತಗೊಂಡ ಅಲ್ಯೂಮಿನಿಯಂದು, ತಲೆ ಸಮೇತ 2.2 ಕೆಜಿ. ಅದನ್ನ ಬೈಯೋ ಹಾಗಿಲ್ಲ. ಏಳು ವರ್ಷ ಬಂಡೆ, ಕೆಸರು, ಮಳೆ ಎಲ್ಲದರಲ್ಲೂ ನಿಂತಿದೆ. ಆದರೆ ಶೀಟಿನಲ್ಲಿ ಅದನ್ನ ಸೇರಿಸಿದ ತಕ್ಷಣ ಒಟ್ಟು 6,100 ಆಗಿ ಸೆಲ್ ಕೆಂಪಾಗುತ್ತೆ.

ಹೋದ ಅಕ್ಟೋಬರಿನಲ್ಲಿ ಊರಿಗೆ ಹೋದಾಗ ಅಪ್ಪ ಇದಕ್ಕೆ ತಮ್ಮದೇ ಪರಿಹಾರ ಕಂಡುಹಿಡಿದ್ರು. ನಮ್ಮೂರು ಸಿದ್ದಾಪುರದ ಕಡೆ, ಅಡಿಕೆ ತೋಟ. ಅಘನಾಶಿನಿ ನದಿ 116 ಮೀಟರ್ ಎತ್ತರದಿಂದ ಧುಮುಕೋ ಉಂಚಳ್ಳಿ ಜಲಪಾತ ಅಲ್ಲಿಂದ ದೂರವಿಲ್ಲ. "ನೀ ಕ್ಯಾಮೆರಾ ಇಟ್ಕೋ, ಕಾಲು ನಾ ತರ್ತೆ" ಅಂತ ಹೇಳಿ ಟ್ರೈಪಾಡನ್ನ ಹೆಗಲ ಮೇಲೆ ಹಾಕಿಕೊಂಡು ಹೊರಟೇಬಿಟ್ರು. ಅವರಿಗೆ 63 ವರ್ಷ. ಮೆಟ್ಟಿಲಿಳಿಯುವಾಗ ಒಂದು ಕೈಯಲ್ಲಿ ಟ್ರೈಪಾಡು, ಇನ್ನೊಂದರಲ್ಲಿ ಕೊಡೆ, ಕಾಲಲ್ಲಿ ಉಂಬಳ. ನಾನು ಹಿಂದೆ, ಬೆನ್ನಿಗೆ ಹಗುರ ಬ್ಯಾಗು ಹಾಕಿಕೊಂಡು. ಎದುರಿಗೆ ಸಿಕ್ಕ ಯಾರೋ ಪ್ರವಾಸಿ ಹುಡುಗರು "ಅಂಕಲ್, ಶೂಟಿಂಗಾ?" ಅಂತ ಕೇಳಿದ್ರು. ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಅವತ್ತು ತೆಗೆದ ಫೋಟೋಗಳು ಚೆನ್ನಾಗೇ ಬಂದಿವೆ, ಆದರೂ ಒಂದನ್ನೂ ನಾನು ಯಾರಿಗೂ ಕಳಿಸಿಲ್ಲ.

ಬೆಂಗಳೂರಿಗೆ ವಾಪಸು ಬಂದವನೇ ಹುಡುಕಾಟ ಶುರು ಮಾಡಿದೆ.

ಕಾರ್ಬನ್ ಫೈಬರ್ ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ವಿವರಿಸೋದು ಸುಲಭ, ಯಾಕೆಂದ್ರೆ ಅದು ತೋಟಕ್ಕೇ ಬಂದುಬಿಟ್ಟಿದೆ. ಮರ ಹತ್ತೋ ಕೊನೆಗೌಡರು ಸಿಗೋದು ಕಷ್ಟವಾದ ಮೇಲೆ ಅಡಿಕೆ ಕೊನೆ ಇಳಿಸೋಕೆ, ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯೋಕೆ 60-70 ಅಡಿ ಉದ್ದದ ಕಾರ್ಬನ್ ಫೈಬರ್ ದೋಟಿ ಬಂತು. ಒಂದರೊಳಗೊಂದು ಜಾರೋ ಕೊಳವೆಗಳು, ನೆಲದಲ್ಲಿ ನಿಂತು ಒಬ್ಬನೇ ಎತ್ತಬಹುದಾದಷ್ಟು ಹಗುರ. ಟ್ರೈಪಾಡಿನ ಕಾಲೂ ಅದೇ ಥರ. ಹೊಸದು ಮನೆಗೆ ಬಂದ ಮೇಲೆ ಅಪ್ಪ ಅದನ್ನ ತಿರುಗಿಸಿ ನೋಡಿ ಹೇಳಿದ್ದು ಒಂದೇ ಮಾತು: "ಇದು ದೋಟಿಯ ತಮ್ಮ."

ದೋಟಿಗಿಂತ ಹಿಂದಕ್ಕೆ ಹೋದ್ರೆ ಬಿದಿರು. ಬಿದಿರೂ ಟೊಳ್ಳು ಕೊಳವೆ, ಉದ್ದುದ್ದ ನಾರು, ನಾರುಗಳನ್ನ ಹಿಡಿದಿಡೋ ಅಂಟು. ಕಾರ್ಬನ್ ಫೈಬರ್ ಕೊಳವೆಯಲ್ಲಿ ಬಿದಿರಿನ ನಾರಿನ ಬದಲು ಕೂದಲಿಗಿಂತ ಸಣ್ಣ ಇಂಗಾಲದ ಎಳೆಗಳು, ಅಂಟಿನ ಬದಲು ರಾಳ. ಎಳೆ ಹೋದ ದಿಕ್ಕಿನಲ್ಲಿ ಅದು ಅಲ್ಯೂಮಿನಿಯಂಗಿಂತ ಗಟ್ಟಿ, ಅಡ್ಡ ದಿಕ್ಕಿನಲ್ಲಿ ದುರ್ಬಲ. ಬಿದಿರು ಉದ್ದಕ್ಕೆ ಸೀಳಿಕೊಳ್ಳುತ್ತಲ್ಲ, ಹಾಗೆ. ಅದಕ್ಕೇ ಒಳ್ಳೆ ಕೊಳವೆಯಲ್ಲಿ ಎಳೆಗಳ ಪದರಗಳನ್ನ ಉದ್ದಕ್ಕೂ, ಓರೆಯಾಗಿಯೂ ಸುತ್ತಿರ್ತಾರೆ. ಜಾಹೀರಾತಿನಲ್ಲಿ 'ಎಂಟು ಪದರ', 'ಹತ್ತು ಪದರ' ಅಂತ ಬರೋದು ಇದನ್ನೇ. ಆದರೆ ಪದರದ ಸಂಖ್ಯೆಯೊಂದರಿಂದ ಏನೂ ತಿಳಿಯೋದಿಲ್ಲ. ಯಾವ ದಿಕ್ಕಿನಲ್ಲಿ, ಎಷ್ಟು ದಪ್ಪಕ್ಕೆ, ಎಂಥ ಎಳೆ ಅನ್ನೋದನ್ನ ಯಾರೂ ಪೆಟ್ಟಿಗೆ ಮೇಲೆ ಬರೆಯೋದಿಲ್ಲ. ಹತ್ತು ಪದರದ ಚಪಾತಿ ಮೆತ್ತಗೇ ಇರ್ತದೆ ಅಂತ ಇರೋದಿಲ್ವಲ್ಲ, ಹಾಗೇ.

(ದೋಟಿಯ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ: ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತೆ. ಬಿದಿರಿನ ಹಾಗೇ ಅಂದುಕೊಂಡು ವಿದ್ಯುತ್ ತಂತಿಯ ಹತ್ತಿರ ಎತ್ತೋದು ಪ್ರಾಣಕ್ಕೇ ಅಪಾಯ. ಗುಡುಗು ಮಿಂಚಿನ ಹೊತ್ತಲ್ಲಿ ಬಯಲಲ್ಲಿ ಟ್ರೈಪಾಡು ನಿಲ್ಲಿಸಿ ಪಕ್ಕದಲ್ಲಿ ನಿಲ್ಲೋದೂ ಬೇಡ.)

ಸಾಂದ್ರತೆಯ ಲೆಕ್ಕ ಸರಳ. ಅಲ್ಯೂಮಿನಿಯಂ ಒಂದು ಘನ ಸೆಂ.ಮೀ.ಗೆ 2.7 ಗ್ರಾಂ, ಕಾರ್ಬನ್ ಫೈಬರ್ ಸುಮಾರು 1.6. ಅಂದ್ರೆ ಅದೇ ಗಾತ್ರದ ಕೊಳವೆ ನೂರಕ್ಕೆ ನಲವತ್ತು ಭಾಗ ಹಗುರ. ಕೇಳೋಕೆ ಭಾರೀ ಅನ್ನಿಸುತ್ತೆ. ಆದರೆ ಟ್ರೈಪಾಡ್ ಅಂದ್ರೆ ಬರೀ ಕೊಳವೆ ಅಲ್ಲ. ಮೇಲಿನ ತಲೆ, ಕಾಲುಗಳು ಸೇರೋ ಕೀಲು, ಬೀಗಗಳು, ತಿರುಪು, ರಬ್ಬರ್ ಪಾದ ಇವೆಲ್ಲ ಕಾರ್ಬನ್ ಟ್ರೈಪಾಡಿನಲ್ಲೂ ಲೋಹ ಮತ್ತು ರಬ್ಬರೇ. 1.5 ಕೆಜಿ ಟ್ರೈಪಾಡಿನಲ್ಲಿ ಕೊಳವೆಗಳ ಪಾಲು 700 ಗ್ರಾಂ ಅಂದುಕೊಂಡ್ರೆ, ಉಳಿಯೋದು 280 ಗ್ರಾಂ ಆಸುಪಾಸು.

ಇದು ಬರೀ ಊಹೆಯಲ್ಲ. 2019ರಲ್ಲಿ ಬಂದ ಪೀಕ್ ಡಿಸೈನ್ ಕಂಪನಿಯ ಟ್ರಾವೆಲ್ ಟ್ರೈಪಾಡ್ ಒಂದೇ ವಿನ್ಯಾಸದಲ್ಲಿ ಎರಡು ಬಗೆಯಲ್ಲಿ ಸಿಗುತ್ತೆ. ಅಲ್ಯೂಮಿನಿಯಂದು 1.56 ಕೆಜಿ, ಕಾರ್ಬನ್‌ದು 1.27. ಬಿಡುಗಡೆಯಾದಾಗ ಅಮೆರಿಕದಲ್ಲಿ ಬೆಲೆ 350 ಮತ್ತು 600 ಡಾಲರ್. 290 ಗ್ರಾಂ ಇಳಿಸೋಕೆ 250 ಡಾಲರ್! ಬೆನ್ನು ಸರಿಯಿದ್ದವರಾದ್ರೆ ಒಂದು ಬಾಟಲಿಯಲ್ಲಿ ಕಾಲು ಲೀಟರ್ ನೀರು ಕಡಿಮೆ ಹಾಕ್ಕೊಂಡು ಹೋಗಿ ಅಂತ ನಾನೇ ಹೇಳ್ತೀನಿ. ಗಿಟ್ಜೋ ಅನ್ನೋ ಹೆಸರಾಂತ ಕಂಪನಿ 1994ರಲ್ಲಿ ಮೊದಲ ಕಾರ್ಬನ್ ಫೈಬರ್ ಟ್ರೈಪಾಡ್ ತಂದಾಗ ಅದು ವೃತ್ತಿಪರರ ಸಾಮಾನಾಗಿತ್ತು. ಇವತ್ತಿಗೂ ಅವರದ್ದು ನಮ್ಮ ಬಜೆಟ್ಟಿನ ಹತ್ತಿರಕ್ಕೂ ಬರೋದಿಲ್ಲ. ನಡುವೆ ಆದ ಬದಲಾವಣೆ ಏನಪ್ಪಾ ಅಂದ್ರೆ ಸಿರುಯಿ, ಬೆನ್ರೋ, ಲಿಯೋಫೋಟೋ, ಕೆ ಆಂಡ್ ಎಫ್ ಥರದ ಚೀನಾದ ಕಂಪನಿಗಳು ಬಂದು ಕಾರ್ಬನ್ ಫೈಬರನ್ನ ಸಾವಿರಗಳ ಲೆಕ್ಕಕ್ಕೆ ಇಳಿಸಿದ್ದು. ಹಾಗಾಗಿ ಹತ್ತರಿಂದ ಇಪ್ಪತ್ತು ಸಾವಿರದ ನಡುವೆ ಈಗ ನಿಜವಾದ ಆಯ್ಕೆಗಳಿವೆ.

ಅಲ್ಲಿಂದ ಮುಂದೆ ನೋಡಬೇಕಾದ್ದು ಬ್ರ್ಯಾಂಡ್ ಅಲ್ಲ, ಕೊಳವೆಯ ವ್ಯಾಸ. ತೆಳು ಗೋಡೆಯ ಕೊಳವೆ ಎಷ್ಟು ಬಾಗುತ್ತೆ ಅನ್ನೋದು ವ್ಯಾಸದ ಘನಕ್ಕೆ ಸಂಬಂಧಿಸಿದ್ದು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಅನ್ನೋ ಪೇಪರು ಪಾಸಾದ ಮೇಲೆ ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು ನೋಡಿ. 22 ಮಿ.ಮೀ. ಕೊಳವೆಗಿಂತ 28 ಮಿ.ಮೀ. ಕೊಳವೆ, ಗೋಡೆ ದಪ್ಪ ಒಂದೇ ಇದ್ರೆ, ಎರಡು ಪಟ್ಟು ಬಿಗಿ. ಇಷ್ಟು ಗೊತ್ತಾದ ಮೇಲೆ ಕಾಲಿನ ಭಾಗಗಳ ಕಥೆ ಅರ್ಥವಾಗುತ್ತೆ. ಒಂದರೊಳಗೊಂದು ಕೂರಬೇಕಾದ್ರೆ ಪ್ರತಿ ಭಾಗವೂ ಮೇಲಿನದಕ್ಕಿಂತ ಸುಮಾರು 3 ಮಿ.ಮೀ. ಸಣ್ಣದಾಗಬೇಕು. ಮೇಲೆ 22 ಇದ್ದರೆ ನಾಲ್ಕು ಭಾಗದ ಕಾಲಿನಲ್ಲಿ ಕೊನೇದು 13 ಮಿ.ಮೀ. ಐದು ಭಾಗದ್ದಾದ್ರೆ 10. ಪೆನ್ನಿನಷ್ಟು ದಪ್ಪ! 13ಕ್ಕೂ 10ಕ್ಕೂ ಬಿಗಿಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಐದು ಭಾಗದ್ದು ಮಡಚಿದಾಗ ಪುಟ್ಟದಾಗಿ ಕಾಣುತ್ತೆ, ವಿಮಾನದ ಕೈಚೀಲಕ್ಕೆ ಸೇರುತ್ತೆ, ಫೋಟೋದಲ್ಲಿ ಮುದ್ದಾಗಿರುತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ, ಬಸ್ಸಿನಲ್ಲಿ ಓಡಾಡೋರಿಗೆ ಆ ನಾಲ್ಕೈದು ಸೆಂಟಿಮೀಟರ್ ಉಳಿತಾಯಕ್ಕೆ ಅರ್ಥವಿಲ್ಲ. ನಾನು ನಾಲ್ಕು ಭಾಗಕ್ಕೆ ನಿಂತೆ.

'ಗರಿಷ್ಠ ಭಾರ 12 ಕೆಜಿ', 'ಗರಿಷ್ಠ ಭಾರ 15 ಕೆಜಿ' ಅಂತ ಬರೆದಿರೋದನ್ನ ದಯವಿಟ್ಟು ಓದಿ ಮುಂದೆ ಹೋಗಿ. ಅದನ್ನ ಅಳೆಯೋಕೆ ಎಲ್ಲ ಕಂಪನಿಗಳಿಗೂ ಅನ್ವಯಿಸೋ ಒಂದು ಮಾನದಂಡವೇ ಇಲ್ಲ. ಒಬ್ಬರು ಮುರಿಯದೇ ನಿಲ್ಲೋ ಭಾರ ಬರೀತಾರೆ, ಇನ್ನೊಬ್ಬರು ತಲೆ ಜಾರದ ಭಾರ ಬರೀತಾರೆ. ನಮಗೆ ಬೇಕಾದ್ದು ಮುರಿಯುತ್ತಾ ಅನ್ನೋದಲ್ಲ, ಅಲ್ಲಾಡುತ್ತಾ ಅನ್ನೋದು. ಒಂದು ಕೆಜಿಗಿಂತ ಕಡಿಮೆ ಇರೋ ನನ್ನ ಕ್ಯಾಮೆರಾ ಮತ್ತು ಅಗಲ ಲೆನ್ಸಿಗೆ 22 ಮಿ.ಮೀ. ಕಾಲು ಸಾಕು. ಹಕ್ಕಿ ಫೋಟೋದವರಿಗೆ, ಉದ್ದ ಟೆಲಿ ಲೆನ್ಸಿನವರಿಗೆ ಈ ಲೆಕ್ಕ ನಡೆಯೋದಿಲ್ಲ. ಅವರು 28 ಮಿ.ಮೀ. ಮೇಲ್ಪಟ್ಟೇ ನೋಡಬೇಕು, ಭಾರವನ್ನೂ ಹೊರಬೇಕು.

ಇನ್ನೊಂದು ವಿಷಯ. ಅಲ್ಯೂಮಿನಿಯಂ ಕೊಳವೆಯ ಮೇಲೆ ಕಾರ್ಬನ್ ನೇಯ್ಗೆಯ ವಿನ್ಯಾಸ ಅಂಟಿಸಿ 'ಕಾರ್ಬನ್ ಲುಕ್' ಅಂತ ಮಾರೋದೂ ಇದೆ. ಶೀರ್ಷಿಕೆಯಲ್ಲಿ 'ಕಾರ್ಬನ್' ದೊಡ್ಡದಾಗಿ, 'ಲುಕ್' ಸಣ್ಣದಾಗಿ. ವಿವರಗಳಲ್ಲಿ 'ಮೆಟೀರಿಯಲ್' ಅನ್ನೋ ಸಾಲು ಹುಡುಕಿ ಓದಿ. ಅಂಗಡಿಯಲ್ಲಾದ್ರೆ ಎಸಿ ಹತ್ತಿರ ನಿಂತು ಮುಟ್ಟಿ ನೋಡಿ. ಅಲ್ಯೂಮಿನಿಯಂ ಸ್ಟೀಲ್ ಲೋಟದ ಹಾಗೆ ತಣ್ಣಗಿರುತ್ತೆ, ಕಾರ್ಬನ್ ಅಷ್ಟು ತಣ್ಣಗನ್ನಿಸೋದಿಲ್ಲ. ಬೆಳಗಿನ ಜಾವದ ಚಳಿಯಲ್ಲಿ ಈ ಗುಣ ಬೆರಳುಗಳಿಗೆ ಎಷ್ಟು ಹಿತ ಅನ್ನೋದು ಆಮೇಲೆ ಗೊತ್ತಾಯ್ತು.

ಇಷ್ಟಾಗಿ, ಮೂರು ಮಾಡೆಲ್ ಉಳಿದವು. ಅವುಗಳಲ್ಲಿ ಅತಿ ಹಗುರವಾದದ್ದು 900 ಗ್ರಾಂಗಿಂತ ಕಡಿಮೆ. ಶೀಟಿನಲ್ಲಿ ಹಾಕಿದ್ರೆ ಹಸಿರೋ ಹಸಿರು. ಆರ್ಡರ್ ಬಟನ್ ಒತ್ತೋ ಮುಂಚೆ ಫಿಸಿಯೋಥೆರಪಿಸ್ಟ್‌ಗೆ ಹೇಳಿದೆ, ಅವರಿಗೂ ಖುಷಿಯಾಗಲಿ ಅಂತ. ಅವರು ತೂಕ ಕೇಳಲೇ ಇಲ್ಲ. "ಎತ್ತರ ಎಷ್ಟು?" ಅಂದ್ರು.

ಆ ಪ್ರಶ್ನೆ ನನ್ನ ಇಡೀ ಶೀಟನ್ನ ತಲೆಕೆಳಗು ಮಾಡ್ತು. ಹಗುರ ಟ್ರೈಪಾಡುಗಳು ಹಗುರ ಆಗೋದೇ ಕುಳ್ಳಗಿರೋದ್ರಿಂದ. ಪೆಟ್ಟಿಗೆ ಮೇಲೆ 135 ಸೆಂ.ಮೀ. ಅಂತ ಇರುತ್ತೆ, ಆದರೆ ಅದು ನಡುವಿನ ಕಂಬವನ್ನ ಪೂರ್ತಿ ಮೇಲೆತ್ತಿದಾಗ. ಆ ಕಂಬ ಎತ್ತಿದ್ರೆ ಮೂರು ಕಾಲಿನ ಟ್ರೈಪಾಡಿನ ಮೇಲೆ ಒಂಟಿ ಕಾಲಿನ ಕೋಲು ನಿಲ್ಲಿಸಿದ ಹಾಗೆ, ಗಾಳಿಗೆ ನಡುಗುತ್ತೆ. ಕಂಬ ಇಳಿಸಿದ್ರೆ ಆ 900 ಗ್ರಾಂದು ನನ್ನ ಸೊಂಟದಿಂದ ಸ್ವಲ್ಪ ಮೇಲಕ್ಕೆ ಬರ್ತಿತ್ತು ಅಷ್ಟೆ. ನನ್ನ ಎತ್ತರ 5 ಅಡಿ 7 ಇಂಚು. ಒಂದು ಜಲಪಾತದ ಮುಂದೆ ಒಂದು ಗಂಟೆ ಇದ್ರೆ ನಲವತ್ತು ಸಲವಾದ್ರೂ ಬಗ್ಗಿ ಸ್ಕ್ರೀನ್ ನೋಡ್ತೀನಿ, ಬಗ್ಗಿದಲ್ಲೇ ತಿರುಗಿ ತಲೆಯ ತಿರುಪು ಬಿಗೀತೀನಿ. ಬಗ್ಗಿ ತಿರುಗೋದು! ಬೇಡವೇ ಬೇಡ ಅಂದಿದ್ದ ಕೆಲಸ. ಹೊರೋವಾಗ ಉಳಿಸಿದ 200 ಗ್ರಾಂನ ಲಾಭ ಬಗ್ಗೋದರಲ್ಲಿ ಬಡ್ಡಿ ಸಮೇತ ಹೋಗ್ತಿತ್ತು.

ಹಾಗಾಗಿ ಶೀಟಿಗೆ ಇನ್ನೊಂದು ಕಾಲಂ ಬಂತು: 'ಕಂಬ ಎತ್ತದೆ ಎತ್ತರ'. ಈ ಸಂಖ್ಯೆಯನ್ನ ಹುಡುಕೋಕೆ ಸ್ವಲ್ಪ ಕಷ್ಟಪಡಬೇಕು, ಎಷ್ಟೋ ಕಡೆ ಹಾಕಿರೋದೇ ಇಲ್ಲ. ಅದಕ್ಕೆ ತಲೆಯ ಎತ್ತರ 9 ಸೆಂ.ಮೀ., ಕ್ಯಾಮೆರಾದ 5 ಸೆಂ.ಮೀ. ಸೇರಿಸಿ. ಕೊನೆಗೆ ಆರಿಸಿದ್ದು ಕಂಬ ಎತ್ತದೆ 120 ಸೆಂ.ಮೀ. ನಿಲ್ಲೋದು. ಒಟ್ಟು 134, ನನ್ನ ಎದೆಯ ಮಟ್ಟ. ಕ್ಯಾಮೆರಾದ ಸ್ಕ್ರೀನನ್ನ ಮೇಲ್ಮುಖ ಮಾಡಿದ್ರೆ ಬರೀ ಕಣ್ಣು ಕೆಳಗಿಳಿಸಿ ನೋಡಬಹುದು, ಬೆನ್ನು ನೆಟ್ಟಗೇ ಇರುತ್ತೆ. ಕೆಳಮಟ್ಟದಿಂದ ತೆಗೆಯಬೇಕಾದಾಗ ಫೋನಿನ ಆ್ಯಪ್‌ಗೆ ಕ್ಯಾಮೆರಾ ಜೋಡಿಸಿ, ಪಕ್ಕದ ಬಂಡೆ ಮೇಲೆ ಕೂತು ಫೋನಿನಲ್ಲೇ ಶಟರ್ ಒತ್ತೋದು. ಇದರಿಂದ ಬಟನ್ ಒತ್ತುವಾಗಿನ ನಡುಕವೂ ತಪ್ಪುತ್ತೆ. ಬೆನ್ನು ನೋವಿನ ದೆಸೆಯಿಂದ ಫೋಟೋ ಸ್ವಲ್ಪ ಚೆನ್ನಾಯ್ತು ಅಂತಲೇ ಹೇಳಬೇಕು.

ತೂಕ ತಲೆ ಸಮೇತ 1,120 ಗ್ರಾಂ. ಇಪ್ಪತ್ತು ಗ್ರಾಂ ಹೆಚ್ಚು. ಬ್ಯಾಗಿನಲ್ಲಿ ಯಾವತ್ತೂ ಬಳಸದ ಎದೆಪಟ್ಟಿ, ಒಂದು ಹೆಚ್ಚುವರಿ ಬಕಲ್ ತೆಗೆದುಹಾಕಿ ಹೊಂದಿಸಿದೆ. ಬೆಲೆ 13 ಸಾವಿರ ಚಿಲ್ಲರೆ. ಹೆಂಡತಿ "ಮೂರು ಕೋಲಿಗಾ?" ಅಂತ ಒಂದೇ ಸಲ ಕೇಳಿ ಸುಮ್ಮನಾದಳು. ಅವಳು ಎಂಆರ್‌ಐ ದಿನ ನನ್ನ ಜೊತೆಗಿದ್ದಳು. ಮಾಡೆಲ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಇವು ವರ್ಷಕ್ಕೊಮ್ಮೆ ಬದಲಾಗ್ತವೆ, ನಿಮ್ಮ ಎತ್ತರ ನನ್ನದಲ್ಲ, ನಿಮ್ಮ ಲೆನ್ಸೂ ನನ್ನದಲ್ಲ.

ತಲೆಯ ವಿಷಯದಲ್ಲಿ ಒಂದೇ ಮಾತು. ಕ್ಯಾಮೆರಾ ಕೂರೋ ತಟ್ಟೆ 'ಆರ್ಕಾ ಸ್ವಿಸ್' ಮಾದರಿಯದ್ದಾಗಿರಲಿ. ಆಗ ಮುಂದೆ ಬೇರೆ ಕಂಪನಿಯ ತಲೆ ತಗೊಂಡ್ರೂ ಹೆಚ್ಚಿನವಕ್ಕೆ ತಟ್ಟೆ ಹೊಂದಿಕೊಳ್ಳುತ್ತೆ, ಕಳೆದುಹೋದ್ರೂ ಬೇರೆ ಸಿಗುತ್ತೆ. ಬೀಗಗಳು ತಿರುಗಿಸೋ ಥರದ್ದೋ ಮಡಚೋ ಥರದ್ದೋ ಅನ್ನೋದು ಕೈಯ ರೂಢಿ. ನನಗೆ ತಿರುಗಿಸೋದು ಇಷ್ಟ, ಮೂರೂ ಬೀಗಗಳನ್ನ ಒಂದೇ ಮುಷ್ಟಿಯಲ್ಲಿ ಹಿಡಿದು ಒಂದೇ ಸಲ ಬಿಡಿಸಬಹುದು.

ತಂದ ದಿನ ಮನೆಯಲ್ಲೇ ಪರೀಕ್ಷೆ ಮಾಡಿದೆ. ನೀವೂ ವಾಪಸು ಕೊಡೋ ಅವಧಿ ಮುಗಿಯೋದರೊಳಗೆ ಮಾಡಿ. ಕಾಲು ಪೂರ್ತಿ ಬಿಚ್ಚಿ, ಇರೋದ್ರಲ್ಲಿ ಉದ್ದನೆಯ ಲೆನ್ಸು ಹಾಕಿ, ಎದುರು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳಿಗೆ ಫೋಕಸ್ ಮಾಡಿ ಸ್ಕ್ರೀನಿನಲ್ಲಿ ಹಿಗ್ಗಿಸಿ. ಒಂದು ಕಾಲಿಗೆ ಬೆರಳಿನಿಂದ ತಟ್ಟಿ. ಅಕ್ಷರ ಎಷ್ಟು ಹೊತ್ತು ನಡುಗುತ್ತೆ ಅಂತ ಎಣಿಸಿ. ಹಳೇ ಅಲ್ಯೂಮಿನಿಯಂದನ್ನೂ ಪಕ್ಕದಲ್ಲಿಟ್ಟು ತಟ್ಟಿದೆ. ಅರ್ಧದಷ್ಟು ತೂಕದ ಹೊಸದು ಬೇಗ ಶಾಂತವಾಯ್ತು. ಕಾರ್ಬನ್ ಫೈಬರ್ ನಡುಕವನ್ನ ತನ್ನೊಳಗೇ ಕರಗಿಸಿಕೊಳ್ಳುತ್ತೆ ಅಂತ ಓದಿದ್ದನ್ನ ಅವತ್ತು ಕಣ್ಣಾರೆ ನೋಡಿದೆ. ಆಮೇಲೆ ಕ್ಯಾಮೆರಾದ ನಡುಕ ತಡೆಯೋ ವ್ಯವಸ್ಥೆ ಆಫ್ ಮಾಡಿ, ಎರಡು ಸೆಕೆಂಡ್ ಟೈಮರ್ ಇಟ್ಟು, ಒಂದು ಸೆಕೆಂಡಿನ ಹತ್ತು ಫೋಟೋ. ಹತ್ತರಲ್ಲಿ ಹತ್ತೂ ಸ್ಪಷ್ಟ ಇರಬೇಕು. ಒಂಬತ್ತು ಬಂದ್ರೆ ಯಾವುದಾದ್ರೂ ಬೀಗ ಸಡಿಲವಿದೆಯಾ ನೋಡಿ, ಮತ್ತೆ ತೆಗೀರಿ.

ಹಗುರಕ್ಕೆ ಒಂದು ಶತ್ರು ಇದೆ, ಗಾಳಿ. ಮಾರ್ಚ್‌ನಲ್ಲಿ ಗದ್ದೆ ಬಯಲಿನಲ್ಲಿ ಗಾಳಿ ಇರಲಿಲ್ಲ, 20 ಸೆಕೆಂಡಿನ ನಕ್ಷತ್ರಗಳು ಸೂಜಿಮೊನೆಯ ಹಾಗೆ ಬಂದವು. ಜಲಪಾತದ ಮುಂದೆ ಹಾಗಲ್ಲ, ನೀರೇ ಗಾಳಿ ಎಬ್ಬಿಸುತ್ತೆ. ಟ್ರೈಪಾಡಿನ ಕೆಳಗಿರೋ ಕೊಕ್ಕೆಗೆ ಬ್ಯಾಗ್ ನೇತುಹಾಕಿ ಅಂತ ಎಲ್ಲರೂ ಹೇಳ್ತಾರೆ. ಆದರೆ ನೇತಾಡೋ ಬ್ಯಾಗ್ ಗಾಳಿಗೆ ತೂಗಾಡಿ ಲೋಲಕದ ಹಾಗೆ ಟ್ರೈಪಾಡನ್ನೇ ಅಲ್ಲಾಡಿಸುತ್ತೆ, ಅದು ನೆಲಕ್ಕೆ ತಾಕಿಕೊಂಡಿರಬೇಕು. ನಾನು 60 ಗ್ರಾಂನ ಒಂದು ಬಟ್ಟೆ ಚೀಲ ಮಡಚಿ ಇಟ್ಟುಕೊಂಡಿದ್ದೀನಿ. ಜಾಗಕ್ಕೆ ಹೋದ ಮೇಲೆ ಅಲ್ಲೇ ಸಿಗೋ ಕಲ್ಲು ತುಂಬಿ, ನೆಲಕ್ಕೆ ತಾಕೋ ಹಾಗೆ ಕೊಕ್ಕೆಗೆ ಕಟ್ಟೋದು. ಕಲ್ಲು ತುಂಬೋದಕ್ಕೆ ಮಂಡಿಯೂರಿ ಕೂರ್ತೀನಿ, ಬಗ್ಗೋದಿಲ್ಲ. ಗಾಳಿ ಜೋರಿದ್ರೆ ಕೊನೇ 13 ಮಿ.ಮೀ. ಭಾಗ ಒಳಗೇ ಬಿಡ್ತೀನಿ.

ಒಂದು ಸೂಚನೆ, ಹಂಪಿ, ಬಾದಾಮಿ ಅಂತ ಹೊರಟವರಿಗೆ: ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸೋಕೆ ಮೊದಲೇ ಅನುಮತಿ ಬೇಕು. ಎಷ್ಟೇ ಹಗುರ ಇರಲಿ, ಗೇಟಿನಲ್ಲಿ ತಡೀತಾರೆ.

ಈ ಸೆಪ್ಟೆಂಬರಿನಲ್ಲಿ ಮತ್ತೆ ಉಂಚಳ್ಳಿಗೆ ಹೋದ್ವಿ. ಅಪ್ಪ ರೂಢಿಯಂತೆ ಕೈಚಾಚಿದ್ರು, "ಕೊಡು ಇಲ್ಲಿ" ಅಂತ. ಬ್ಯಾಗಿನ ಪಕ್ಕದ ಜೇಬಿನಿಂದ ತೆಗೆದು ಕೈಗೆ ಕೊಟ್ಟೆ. ಎತ್ತಿ ಇಳಿಸಿ ನೋಡಿ, ಏನೂ ಹೇಳದೆ ವಾಪಸ್ ಜೇಬಿಗೇ ಸಿಕ್ಕಿಸಿ, ಕೊಡೆ ಬಿಚ್ಚಿಕೊಂಡು ಮುಂದೆ ನಡೆದ್ರು. ಎರಡು ಗಂಟೆ ಅಲ್ಲಿದ್ವಿ. ಒಂದೂವರೆ ಸೆಕೆಂಡಿನ ಒಂದು ಫೋಟೋದಲ್ಲಿ ಬಿಳೀ ನೀರಿನ ಮುಂದೆ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಅಷ್ಟು ಹೊತ್ತು ಅಲ್ಲಾಡದೆ ನಿಂತಿದ್ದಕ್ಕೆ ಅವರ ಮುಖವೂ ಸ್ಪಷ್ಟ ಬಂದಿದೆ. ಅದನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿದೆ.

ಮನೆಗೆ ಬಂದು ಮಾಡಬೇಕಾದ ಕೆಲಸ ಒಂದಿದೆ, ಕೆಸರು, ಮರಳಿನಲ್ಲಿ ನಿಲ್ಲಿಸೋರೆಲ್ಲ ಮಾಡಬೇಕಾದ್ದು. ಕಾರ್ಬನ್ನಿಗೆ ತುಕ್ಕು ಹಿಡಿಯೋದಿಲ್ಲ, ಆದರೆ ಬೀಗದ ತಿರುಪಿನೊಳಗೆ ಸೇರಿದ ಮರಳಿನ ಕಣ ಕೊಳವೆಯನ್ನ ಗೀರುತ್ತೆ, ಸಮುದ್ರದ ಉಪ್ಪು ಲೋಹದ ಭಾಗಗಳನ್ನ ತಿನ್ನುತ್ತೆ. ಕೊನೇ ಭಾಗದಿಂದ ಶುರುಮಾಡಿ ಒಂದೊಂದೇ ಬೀಗ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಹಳೇ ಟೂತ್‌ಬ್ರಷ್‌ನಿಂದ ತಿರುಪು ಉಜ್ಜಿ, ನೆರಳಲ್ಲಿ ಪೂರ್ತಿ ಒಣಗಿಸಿ ಮತ್ತೆ ಸೇರಿಸಬೇಕು. ಒಳಗಿರೋ ಪುಟ್ಟ ಪ್ಲಾಸ್ಟಿಕ್ ಚೂರುಗಳು ಯಾವ ಕಾಲಿನವು ಯಾವ ಕಾಲಿಗೆ ಅಂತ ಬಿಚ್ಚೋ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಗ್ರೀಸು ಕಾರ್ಬನ್ ಕೊಳವೆಗೆ ಬೇಡ, ತಿರುಪಿಗೆ ತೆಳುವಾಗಿ ಸವರಿದ್ರೆ ಸಾಕು. ನಮ್ಮ ಮನೆಯ ಜಗುಲಿಯಲ್ಲಿ ಈ ಕೆಲಸ ಅಪ್ಪನದ್ದೇ. ದೋಟಿಯ ಬೀಗಗಳನ್ನ ತೊಳೆಯೋ ದಿನವೇ ಇದನ್ನೂ ಬಿಚ್ಚಿ ಸಾಲಾಗಿ ಹರಡಿ ಕೂರ್ತಾರೆ.